ಹಾಲಜ್ಜಿ ಕಲ್ಲು

ದಕ್ಷಿಣ ಚೀನಾದ ನಮ್ಮ ಗುಯ್‌ಲಿನ್‌ನಲ್ಲಿ ಹೆಸರಿಲ್ಲದ ಬೆಟ್ಟವಿಲ್ಲ. ಒಂದು ಬೆಟ್ಟ ಹೊಳೆಗೆ ಸೊಂಡಿಲು ಇಳಿಬಿಟ್ಟ ಆನೆ, ಇನ್ನೊಂದು ಮಲಗಿದ ಒಂಟೆ. ಬೆಟ್ಟದ ಹೊಟ್ಟೆಯೊಳಗಿನ ಗುಹೆಗೆ ಹೋದರೆ ಅಲ್ಲಿ ಕಲ್ಲುಕಲ್ಲಿಗೂ ನಾಮಕರಣ ಆಗಿದೆ. ಹೆಸರಿಡುವುದು ನಮ್ಮ ಜನರ ಚಟ. ತಾನ್ ರುಯ್‌ಚಿನ್ ಅಕ್ಕ ಹೊಟ್ಟೆ ಹೊರೆದದ್ದು ಆ ಚಟದಿಂದ, ನೆಮ್ಮದಿ ಕಳೆದುಕೊಂಡದ್ದೂ ಅದರಿಂದಲೇ.

ಅವಳು ಬಿಳಿಕೊಕ್ಕರೆ ಗುಹೆಯ ಗೈಡ್. ನಾನು ಅಲ್ಲಿಯ ಪಾರ್ಕಿನ ಗೇಟಿನ ಬಳಿ ಅಕ್ಕಿ ಶಾವಿಗೆ ಮಾರುವವಳು. ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಒಂದು ಬಟ್ಟಲು ಶಾವಿಗೆ, ಮೇಲೆ ಉಪ್ಪುನೀರಿನಲ್ಲಿ ಹುಳಿಬರಿಸಿದ ಹುರುಳಿಕಾಯಿ ಒಂದು ಹಿಡಿ ಇಲ್ಲದೆ ಅವಳ ನಾಲಿಗೆ ತಿರುಗುತ್ತಿರಲಿಲ್ಲ. ತಿರುಗಿದರೆ ಮಾತ್ರ ಹಿಡಿಯುವವರಿಲ್ಲ. ಕಲ್ಲಿನ ಮೇಲೆ ಟಾರ್ಚ್ ಬಿಟ್ಟು, “ಇದೇನು ಹೇಳಿ ನೋಡೋಣ?” ಎನ್ನುವಳು. ಜನ ತಡವರಿಸುವಾಗ, “ಸೊಸೆ ಮೇಲೆ ಮುನಿಸ್ಕೊಂಡಿರೋ ಅತ್ತೆ!” ಎಂದುಬಿಡುವಳು. ಮತ್ತೆ ನೋಡಿದರೆ ಹೌದು, ಅತ್ತೆಯೇ!

ಇಂಥ ನಗೆಮೊಗದ ಹೆಂಗಸು ಒಂದೇ ವಿಷಯಕ್ಕೆ ಸಿಡುಕುತ್ತಿದ್ದಳು. ಕಲ್ಲು ಮುಟ್ಟಬಾರದು. ಮೇಲಿಂದ ತೊಟ್ಟಿಕ್ಕುವ ನೀರಿನ ಸುಣ್ಣ ಕೂತು ಕೂತು ಆ ಕಲ್ಲುಗಳು ಬೆಳೆಯುತ್ತವೆ. ಕೈಜಿಡ್ಡು ತಾಗಿದ ಕಡೆ ಸುಣ್ಣ ಕೂರುವುದಿಲ್ಲ. ನೀರು ಜಾರುತ್ತದೆ, ಕಲ್ಲು ಕಪ್ಪಾಗಿ ಬೆಳೆಯುವುದನ್ನೇ ನಿಲ್ಲಿಸುತ್ತದೆ.

ಗುಹೆಯ ತಿರುವಿನಲ್ಲಿ ಸೊಂಟದೆತ್ತರದ ಒಂದು ಬಿಳಿ ಕಲ್ಲಿತ್ತು. ಅದೊಂದಕ್ಕೆ ಹೆಸರಿರಲಿಲ್ಲ. ಅಕ್ಕ ಅದನ್ನು ಹೆಸರಿಡದೆಯೇ ಉಳಿಸಿಕೊಂಡಿದ್ದಳು. “ಇದು ಇನ್ನೂ ಕೂಸು. ಬೆಳೀತಾ ಇದೆ,” ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದಳು.

ಒಂದು ಸಲ ಪಕ್ಕದ ಪ್ರಾಂತ್ಯ ಹುನಾನ್ ಕಡೆಯ ಗುಂಪೊಂದು ಬಂದಿತ್ತು. ಅದರಲ್ಲಿ ಒಬ್ಬ ಮುದುಕಿ, ಅವಳ ಎಳೆಯ ಸೊಸೆ ಯೀಲಿಯಾನ್. ಕೂಸಿನ ಮಾತು ಬಂದದ್ದೇ ತಡ, ಮುದುಕಿ ಎಲ್ಲರಿಗೂ ಕೇಳುವಂತೆ, “ಕೇಳಿದ್ಯೇನೇ? ಕಲ್ಲೂ ಬೆಳೆಯುತ್ತಂತೆ. ನಿನ್ನ ಹೊಟ್ಟೆ ಕಲ್ಲಿಗಿಂತ ಕಡೆ!” ಎಂದಳು. ಜನ ಕಿಸಕ್ಕನೆ ನಕ್ಕರು. ಹುಡುಗಿ ತಲೆ ತಗ್ಗಿಸಿದಳು. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

“ಅಜ್ಜೀ, ಇವಳು ಹಾಲಜ್ಜಿ,” ಎಂದು ಕಲ್ಲನ್ನು ತೋರಿಸಿದಳು. “ಮುಟ್ಟಿದೋರಿಗೆ ಮಗು ಕೊಡ್ತಾಳೆ. ಆದ್ರೆ ಹಂಗಿಸೋ ಅತ್ತೆ ಪಕ್ಕದಲ್ಲಿದ್ರೆ ಮುಖ ತಿರುಗಿಸ್ಕೊಳ್ತಾಳೆ. ಬಾಯಿ ಮುಚ್ಕೊಂಡಿದ್ರೆ ನಿಮಗೇ ಒಳ್ಳೇದು.”

ಮುದುಕಿ ಗಪ್‌ಚಿಪ್. ಹುಡುಗಿ ಎರಡೂ ಕೈ ಚಾಚಿ ಕಲ್ಲನ್ನು ಹಿಡಿದುಕೊಂಡಳು. ಬೇಡವೆನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಹಿಂದೆಯೇ ಗುಂಪಿಗೆ ಗುಂಪೇ ಮುಟ್ಟಿತು.

ಆಡಿದ ಮಾತು, ಒಡೆದ ಮುತ್ತು ಅನ್ನುತ್ತಾರಲ್ಲ, ಹಾಗಾಯಿತು. ಬಸ್ ಡ್ರೈವರುಗಳು ಕೇಳಿದರು, ಬೇರೆ ಗೈಡ್‌ಗಳು ಎತ್ತಿಕೊಂಡರು. ಮಾರನೆಯ ವರ್ಷ ಯೀಲಿಯಾನ್‌ಗೆ ಮಗಳು ಹುಟ್ಟಿದಳೆಂದು ಅವಳೂರಿನ ಪ್ರವಾಸಿಗರು ಹೇಳಿದ ಮೇಲೆ ಕೇಳಬೇಕೆ? ಪಾರ್ಕಿನ ಆಫೀಸಿನವರು ‘ಹಾಲಜ್ಜಿ’ ಎಂದು ಬೋರ್ಡು ಬರೆಸಿ ಕೆಂಪು ಪಟ್ಟಿ ಕಟ್ಟಿಸಿದರು. ಕಂಬಿ ಹಾಕಿದರೆ ಜನ ಕಂಬಿಯ ಮೇಲಿಂದ ಬಗ್ಗಿ ಮುಟ್ಟಿದರು. ಕೆಲವೇ ವರ್ಷಗಳಲ್ಲಿ ಬಿಳಿಕೂಸು ನನ್ನ ಬಾಣಲೆಯ ತಳದಂತಾಯಿತು.

ಅಕ್ಕ ಶಾವಿಗೆ ಮುಂದಿಟ್ಟುಕೊಂಡು ಸುಮ್ಮನೆ ಕೂರತೊಡಗಿದಳು. “ತಂಗೀ, ನಾನದನ್ನ ಕೊಂದೆ ಕಣೇ. ಎಷ್ಟು ಸಾವಿರ ವರ್ಷದಿಂದ ಬೆಳೀತಿತ್ತೋ.”

“ಕಲ್ಲಿಗೆ ಯಾರಾದ್ರೂ ಅಳ್ತಾರಾ? ತಿನ್ನು, ಶಾವಿಗೆ ಮುದ್ದೆಯಾಗುತ್ತೆ,” ಎಂದು ನಾನು ಗದರುತ್ತಿದ್ದೆ.

ನಿವೃತ್ತಿ ಹತ್ತಿರ ಬಂದಾಗ ಅವಳಿಗೊಂದು ಹಟ ಹುಟ್ಟಿತು. ತಾನು ಹೋಗುವ ಮೊದಲು ಆ ಕಥೆ ಸಾಯಬೇಕು, ಬೋರ್ಡು ಇಳಿಯಬೇಕು. “ಅದು ನಾನು ಕಟ್ಟಿದ ಸುಳ್ಳು,” ಎಂದು ಆಫೀಸಿಗೆ ಹೋಗಿ ಹೇಳಿದಳು. ಮ್ಯಾನೇಜರ್ ನಕ್ಕ. “ಎಲ್ಲಾ ಕಲ್ಲಿನ ಕಥೇನೂ ಯಾರೋ ಕಟ್ಟಿದ್ದೇ ಅಲ್ವೇನಕ್ಕಾ? ಆ ಹುನಾನ್ ಹೆಂಗಸಿಗೆ ಮಗು ಆಗಿದ್ದು ಸುಳ್ಳಾ?” ಪ್ರವಾಸಿಗರಿಗೆ ಹೇಳಿದರೆ ಅವರೂ ನಗುತ್ತಲೇ ಮುಟ್ಟಿದರು.

ಹೀಗಿರುವಾಗ ಒಂದು ಬೆಳಿಗ್ಗೆ, ಪಾರ್ಕಿನ ತುಂಬ ಗುಯ್‌ಹುವಾ ಹೂವಿನ ಘಮ ಹರಡಿದ್ದ ಕಾಲ, ಒಬ್ಬ ಹೆಂಗಸು ಮಗಳೊಂದಿಗೆ ನನ್ನ ಅಂಗಡಿಗೆ ಬಂದಳು. ಹುಡುಗಿಯ ಕೈಚೀಲದಲ್ಲಿ ಕೆಂಪು ಬಣ್ಣ ಹಚ್ಚಿದ ಮೊಟ್ಟೆಗಳು. ಮಗು ಹುಟ್ಟಿದ ಮನೆಯವರು ಹಂಚುವ ಮೊಟ್ಟೆ. “ಹಾಲಜ್ಜಿ ಕಥೆ ಹೇಳಿದ ಗೈಡ್ ಇನ್ನೂ ಇದ್ದಾರಾ?” ಎಂದು ತಾಯಿ ಕೇಳಿದಳು. ಹೆಸರು ಕೇಳಿದರೆ, ಅವಳೇ ಯೀಲಿಯಾನ್! ಆ ಮಗಳ ಮುಖ ನೋಡಿದರೆ ಅಕ್ಕನ ಎದೆಭಾರ ಇಳಿದೀತೆಂದು ನನಗೆ ಹಿಗ್ಗು. ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ನಾನೇ ಗುಹೆಗೆ ಕರೆದೊಯ್ದೆ.

ಅಕ್ಕ ಆ ಕಲ್ಲಿನ ಬಳಿಯೇ ನಿಂತಿದ್ದಳು. ನಾನು ಓಡಿಹೋಗಿ ಯಾರು ಬಂದಿದ್ದಾರೆಂದು ತಿಳಿಸಿ, “ಇವಳ ಹತ್ರ ಮಾತ್ರ ಸುಳ್ಳು ಗಿಳ್ಳು ಅನ್ಬೇಡ. ನಿನ್ನ ದಮ್ಮಯ್ಯ,” ಎಂದು ಪಿಸುಗುಟ್ಟಿದೆ.

ಅಷ್ಟರಲ್ಲಿ ಹುಡುಗಿ ಕಂಬಿಯ ಮೇಲಿಂದ ಕೈ ಚಾಚಿದಳು. ಅಕ್ಕ ಆ ಕೈಯನ್ನು ತಡೆದಳು.

“ಬೇಡ ಪುಟ್ಟಿ. ಇವಳು ಹಾಲಜ್ಜಿಯೂ ಅಲ್ಲ, ಏನೂ ಅಲ್ಲ. ನಾನು ಕೋಪದಲ್ಲಿ ಕಟ್ಟಿದ ಕಥೆ ಅದು.” ಆಮೇಲೆ ಯೀಲಿಯಾನ್ ಕಡೆ ತಿರುಗಿದಳು. “ನಿನ್ನ ನಂಬಿಸಿಬಿಟ್ಟೆ ತಾಯಿ. ತಪ್ಪಾಯ್ತು.”

ಯೀಲಿಯಾನ್ ಕಪ್ಪು ಕಲ್ಲನ್ನು ನೋಡಿದಳು. ಅದು ಹೀಗಾಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

“ನಾನು ನಂಬಿರ್ಲಿಲ್ಲ ಅಕ್ಕ,” ಎಂದಳು ಮೆಲ್ಲಗೆ. “ಆಮೇಲೆ ಡಾಕ್ಟರ ಹತ್ರ ಔಷಧಿ ಮಾಡಿಸ್ಕೊಂಡೆ, ಇವಳು ಹುಟ್ಟಿದ್ಳು. ಈ ಮೊಟ್ಟೆ ತಂದಿದ್ದು ಕಲ್ಲಿಗಲ್ಲ, ನಿಮಗೆ.”

“ಮತ್ತೆ ಅವತ್ತು ಯಾಕೆ ಮುಟ್ಟಿದೆ?”

“ಮದುವೆಯಾದ್ಮೇಲೆ ನನ್ನ ಪರವಾಗಿ ಮಾತಾಡಿದೋರು ನೀವೊಬ್ರೇ. ನಿಮ್ಮ ಕೈ ಹಿಡ್ಕೋಬೇಕು ಅನ್ನಿಸ್ತು. ಅಷ್ಟು ಜನದ ಮುಂದೆ ನಾಚಿಕೆ ಆಯ್ತು. ಹತ್ರ ಇದ್ದಿದ್ದು ಆ ಕಲ್ಲು.”

ನನಗೆ ಕಣ್ಣು ತುಂಬಿತು. ಇನ್ನಾದರೂ ಈ ಅಕ್ಕ ನಗುತ್ತಾಳೆ ಎಂದುಕೊಂಡು ಅವಳತ್ತ ನೋಡಿದೆ. ಅವಳು ಹುಡುಗಿಯ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಮೇಲಿಂದ ಒಂದು ಹನಿ ಬಿದ್ದು ಕಲ್ಲಿನ ಮೇಲೆ ನಿಲ್ಲದೆ ಜಾರಿಹೋಯಿತು.

“ನೋಡ್ದೇನೇ ತಂಗೀ,” ಎಂದಳು. “ನನ್ನ ಕೈ ಖಾಲಿ ಇತ್ತು ಕಣೇ ಅವತ್ತು.”