ಮುಂದಿನ ತಿಂಗಳ ಗೂಡು

ಐವತ್ತರ ದಶಕದ ನಡುವಿನಲ್ಲಿ ನಾನು ಚಾಮರಾಜನಗರದ ಒಂದು ಚಿಕ್ಕ ರೇಷ್ಮೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಸುತ್ತಲಿನ ಹಳ್ಳಿಯವರು ಹುಳು ಸಾಕಿ ತಂದ ಗೂಡನ್ನು ಕೊಂಡು, ಬಿಸಿನೀರಿನ ಬೇಸಿನ್ನುಗಳಲ್ಲಿ ಹಾಕಿ ನೂಲು ಬಿಚ್ಚುವುದು ಅಲ್ಲಿನ ಕೆಲಸ. ಬೇಸಿನ್ನಿಗೊಬ್ಬಳಂತೆ ನಲವತ್ತು ಹೆಂಗಸರು ಕೂರುತ್ತಿದ್ದರು. ಬೆಂದ ಹುಳುವಿನ ವಾಸನೆ ನನ್ನ ಅಂಗಿಗೂ ಅಂಟಿಕೊಂಡಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಯಾರೂ ಬರದೆ ಸೀಟು ಮಾತ್ರ ಧಾರಾಳವಾಗಿ ಸಿಗುತ್ತಿತ್ತು.

ಒಮ್ಮೆ ನಮ್ಮ ಮ್ಯಾನೇಜರು ಬೆಂಗಳೂರಿಗೆ ತರಬೇತಿಗೆ ಹೋಗಿ ಬಂದರು. ಅಲ್ಲಿ ಕೊಟ್ಟಿದ್ದ ಇಂಗ್ಲಿಷಿನ ಸೈಕ್ಲೋಸ್ಟೈಲ್ ಪಾಠಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಹಾಕಿ, ಓದಿ ಸಾರಾಂಶ ಹೇಳು ಎಂದರು. ತಾವೇ ಕೂತು ಓದುವ ಜಾಯಮಾನ ಅವರದಲ್ಲ. ಮುಂದೆ ಎಷ್ಟು ಸರಕು ಬರುತ್ತದೆಂದು ಮೊದಲೇ ಅಂದಾಜು ಮಾಡಿ, ಅದಕ್ಕೆ ತಕ್ಕಂತೆ ಆಳು, ಸೌದೆ ಹೊಂದಿಸಿಕೊಳ್ಳುವುದು ಹೇಗೆ ಎಂಬುದು ಪಾಠದ ವಿಷಯ. ಕಳೆದ ಮೂರು ತಿಂಗಳ ಅಂಕಿ ಕೂಡಿಸಿ ಮೂರರಿಂದ ಭಾಗಿಸು. ಹೊಸ ತಿಂಗಳು ಬಂದಾಗ ಹಳೆಯದೊಂದನ್ನು ಕೈಬಿಟ್ಟು ಮತ್ತೆ ಕೂಡಿಸು. ಇಷ್ಟೇ. ಆದರೆ ಚೌಕಳಿಯ ಗ್ರಾಫ್ ಕಾಗದದ ಮೇಲೆ ಚುಕ್ಕಿಗಳನ್ನು ಸೇರಿಸಿ ನೋಡಿದಾಗ, ಅಡ್ಡಾದಿಡ್ಡಿ ಕುಣಿಯುತ್ತಿದ್ದ ಗೂಡಿನ ಆವಕ ಒಂದು ನಯವಾದ ಗೆರೆಯಾಗಿ ಮುಂದಕ್ಕೆ ಕೈ ತೋರಿಸುತ್ತಿತ್ತು. ನನಗೆ ಹುಚ್ಚು ಹಿಡಿಯಿತು. ಎದುರಿನ ಹೋಟೆಲಿನಲ್ಲಿ ದಿನಕ್ಕೆಷ್ಟು ದೋಸೆ ಖರ್ಚಾಗುತ್ತದೆ, ಗುಂಡ್ಲುಪೇಟೆ ಬಸ್ಸಿಗೆ ಸೋಮವಾರ ಎಷ್ಟು ಜನ ಹತ್ತುತ್ತಾರೆ, ಎಲ್ಲಕ್ಕೂ ಗೆರೆ ಎಳೆದೆ. ಹೋಟೆಲಿನವರು ನನ್ನನ್ನು ತೆರಿಗೆಯವನೆಂದು ತಿಳಿದು ಚಟ್ನಿ ಜಾಸ್ತಿ ಹಾಕತೊಡಗಿದರು.

ಆಟ ಅಲ್ಲಿಗೇ ನಿಲ್ಲಲಿಲ್ಲ. ಬೇಸಿಗೆ ಹತ್ತಿರ ಬಂದಾಗ ಮ್ಯಾನೇಜರು ನಿಜವಾದ ಪ್ರಶ್ನೆ ಕೇಳಿದರು. ಮುಂದಿನ ತಿಂಗಳು ಗೂಡು ಕಡಿಮೆ ಬರುವುದಾದರೆ ಹನ್ನೆರಡು ಬೇಸಿನ್ ನಿಲ್ಲಿಸಬೇಕು, ಅಂದರೆ ಹನ್ನೆರಡು ಹೆಂಗಸರನ್ನು ಮನೆಗೆ ಕಳಿಸಬೇಕು. ನಿನ್ನ ಲೆಕ್ಕ ಏನು ಹೇಳುತ್ತದೆ?

ಹಳೆಯ ಅಂಕಿಯನ್ನೇ ನಂಬಬೇಡ, ಬಲ್ಲವರನ್ನೂ ವಿಚಾರಿಸು ಎಂದಿತ್ತು ಪಾಠ. ಸೈಕಲ್ ಹತ್ತಿ ಹತ್ತು ಹಳ್ಳಿ ಸುತ್ತಿ, ಎಷ್ಟು ತಟ್ಟೆ ಹುಳು ಇಟ್ಟಿದ್ದೀರಿ ಎಂದು ಮನೆಮನೆಯಲ್ಲೂ ಕೇಳಿ ಬರೆದುಕೊಂಡೆ. ಕೊನೆಗೆ ನಮ್ಮ ಮನೆಗೂ ಹೋದೆ. ನಮ್ಮದೂ ಹುಳು ಸಾಕುವ ಮನೆಯೇ. ಅವ್ವ ಮಜ್ಜಿಗೆ ಕೊಟ್ಟು, ಏನೋ ನಾಲ್ಕು ತಟ್ಟೆ ಇವೆ, ಅವೂ ಸರಿಯಾಗಿ ಸೊಪ್ಪು ತಿನ್ನುತ್ತಿಲ್ಲ ಎಂದಳು. ನಾಲ್ಕು ಎಂದು ಬರೆದುಕೊಂಡೆ. ಮೂರು ತಿಂಗಳ ಗೆರೆ, ಹತ್ತು ಹಳ್ಳಿಯ ಮಾತು ಎರಡೂ ಒಂದೇ ಕಡೆಗೆ ತೋರಿಸಿದವು. ಗೂಡು ಕಡಿಮೆ.

ನಿಲ್ಲಿಸಬೇಕಾದವರ ಪಟ್ಟಿಯಲ್ಲಿ ನಮ್ಮಲ್ಲೇ ಕೈ ಚುರುಕಾಗಿದ್ದ ಒಬ್ಬ ವಿಧವೆಯೂ ಇದ್ದಳು. ಸೇರಿ ವರ್ಷವಾಗಿರಲಿಲ್ಲ, ಹಾಗಾಗಿ ಮೊದಲು ಹೋಗುವ ಸರದಿ ಅವಳದು. ಪಟ್ಟಿ ಓದಿದ ಶನಿವಾರ ಸಂಜೆ ನನ್ನ ಮೇಜಿನ ಹತ್ತಿರ ಬಂದು, ಲೆಕ್ಕವನ್ನು ಇನ್ನೊಂದು ಸಲ ನೋಡಿ ಎಂದಷ್ಟೇ ಕೇಳಿಕೊಂಡಳು. ಕೂಡುವುದರಲ್ಲಿ ತಪ್ಪಿಲ್ಲ ಎಂದು ಗೆರೆ ತೋರಿಸಿದೆ. ಅವಳು ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಹೋದಳು.

ಮೂರನೆಯ ವಾರಕ್ಕೆ ಗೂಡು ಬಂದಿತು ನೋಡಿ! ಎತ್ತಿನ ಗಾಡಿಯಲ್ಲಿ, ತಲೆಹೊರೆಯಲ್ಲಿ, ಬಸ್ಸಿನ ಟಾಪಿನ ಮೇಲೆ. ಜಗಲಿ ತುಂಬಿ ಆಫೀಸಿನೊಳಕ್ಕೂ ಬಂತು. ಗೂಡು ಹೆಚ್ಚು ದಿನ ಕಾಯುವುದಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬಂದರೆ ನೂಲು ಮುಗಿದಂತೆ. ಮ್ಯಾನೇಜರು ಪಾಠದ ಕಟ್ಟನ್ನು ನನ್ನತ್ತ ಎಸೆದು, ಹೋಗಿ ಆ ಹನ್ನೆರಡು ಜನರನ್ನು ಕರೆದುಕೊಂಡು ಬಾ ಎಂದರು.

ಮೊದಲು ಸಿಟ್ಟು ಬಂದದ್ದು ಅವ್ವನ ಮೇಲೆ. ದಾರಿಯಲ್ಲೇ ಮನೆಗೆ ನುಗ್ಗಿ ನೋಡಿದರೆ ಹದಿನಾಲ್ಕು ತಟ್ಟೆಯ ಬೆಳೆ. ಯಾಕೆ ಸುಳ್ಳು ಹೇಳಿದೆ ಎಂದು ಕೂಗಾಡಿದೆ.

"ಗೂಡು ಕಟ್ಟೋಕ್ ಮುಂಚೆ ಯಾರಾರ ಲೆಕ್ಕ ಏಳ್ತಾರೇನ್ಲಾ? ದಿಷ್ಟಿ ಆಗಾಕಿಲ್ವಾ? ನೀನೂ ಇದೇ ಮನೇಲಿ ಬೆಳ್ದೋನಲ್ವಾ?" ಎಂದಳು ಅವ್ವ.

ಅದು ನಿಜ. ಚಿಕ್ಕಂದಿನಲ್ಲಿ ತಟ್ಟೆ ಎಣಿಸಿದ್ದಕ್ಕೆ ಅವಳಿಂದಲೇ ಪೆಟ್ಟು ತಿಂದಿದ್ದೆ. ಇಂಗ್ಲಿಷ್ ಪಾಠ ಓದಿದ ಮೇಲೆ ಅದು ಹೇಗೋ ಮರೆತೇಹೋಗಿತ್ತು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಹನ್ನೊಂದು ಜನ ಮರುದಿನವೇ ಬಂದರು. ಆ ವಿಧವೆಯನ್ನು ಹುಡುಕಿಕೊಂಡು ಅವಳ ಅಣ್ಣನ ಊರಿಗೆ ಹೋದೆ. ಅಂಗಳದಲ್ಲಿ ಕೂತು ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದಳು. ಚಂದ್ರಿಕೆಯೆಂದರೆ ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ, ಸುರುಳಿ ಸುತ್ತಿದ ಬಿದಿರಿನ ತಟ್ಟಿ. ಗೋಡೆಯುದ್ದಕ್ಕೂ ಹಸಿ ಬಿದಿರಿನ ಹೊಸ ಚಂದ್ರಿಕೆಗಳು. ಇಷ್ಟು ಬೆಳೆ ಬರುವುದು ನಿನಗೆ ಆಗಲೇ ಗೊತ್ತಿತ್ತಲ್ಲವೇ ಎಂದೆ.

"ಗೊತ್ತಿತ್ತು ಸ್ವಾಮಿ. ಅಣ್ಣನ್ ಉಳ ಇನ್ನೂ ಹಣ್ಣಾಗಿರ್ನಿಲ್ಲ, ಬಾಯ್ ಬುಟ್ಟು ಏಳಕ್ಕಾದದಾ? ನೀವು ಉಳ ಕೇಳ್ಬಾರ್ದಿತ್ತು. ಚಂದ್ರಿಕೆ ಕೇಳ್ಬೇಕಿತ್ತು."

ಕೂಲಿ ಹೋದರೂ ಅಣ್ಣನ ಬೆಳೆಯ ಲೆಕ್ಕ ಆಡದವಳನ್ನು ಮತ್ತೆ ಕೆಲಸಕ್ಕೆ ಕರೆದೆ, ಗೂಡು ಬಿಡಿಸಿ ಮುಗಿಸಿ ಅವಳೂ ಬಂದಳು. ಆದರೆ ಅವಳ ಕೊನೆಯ ಮಾತು ತಲೆಯಲ್ಲಿ ಕೊರೆಯತೊಡಗಿತು. ಆ ಭಾನುವಾರವೇ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಸುತ್ತಲಿನ ಎಷ್ಟೋ ಹಳ್ಳಿಗೆ ಚಂದ್ರಿಕೆ ಹೆಣೆದುಕೊಡುತ್ತಿದ್ದ ಮೇದರ ಮುದುಕರೊಬ್ಬರು ಅಲ್ಲಿದ್ದರು. ಹುಳುವಿನ ಲೆಕ್ಕಕ್ಕೆ ದೃಷ್ಟಿಯ ಭಯ. ಬಿದಿರಿನ ಲೆಕ್ಕಕ್ಕೆ ಎಂಥ ಭಯ? ಯಾವ ಊರಿಗೆ ಎಷ್ಟು ಹೊಸದು, ಎಷ್ಟು ರಿಪೇರಿ ಎಂದು ಎಲೆ ಅಡಿಕೆ ಹಾಕಿಕೊಳ್ಳುತ್ತಲೇ ಹೇಳಿದರು. ಗೂಡು ನಮ್ಮ ಜಗಲಿಗೆ ಬರುವುದಕ್ಕೆ ಒಂದು ತಿಂಗಳು ಮುಂಚೆಯೇ ಅದರ ಸುದ್ದಿ ಆ ಮುದುಕರ ಹತ್ತಿರ ಬಂದಿರುತ್ತಿತ್ತು. ವಾಪಸು ಬಂದು ಪಾಠ ತಿರುವಿದೆ. ನಾನು ಓದದೆ ಬಿಟ್ಟಿದ್ದ ಕೊನೆಯ ಪುಟಗಳಲ್ಲಿ, ಬೇಕಾದ ವಸ್ತುವಿಗಿಂತ ಮೊದಲು ಓಡುವ ಇನ್ನೊಂದು ವಸ್ತುವನ್ನು ಗಮನಿಸು ಎಂದಿತ್ತು.

ಅಂದಿನಿಂದ ತಿಂಗಳಿಗೊಮ್ಮೆ ಗುಂಡ್ಲುಪೇಟೆಗೆ ಹೋಗಿ ಚಂದ್ರಿಕೆ ಲೆಕ್ಕ ತಂದೆ. ಎರಡು ತಿಂಗಳು ನನ್ನ ಅಂದಾಜು ಹೆಚ್ಚುಕಡಿಮೆ ಸರಿಹೋಯಿತು. ಮೂರನೆಯ ಸಲ ಮುದುಕರು ಸುಮ್ಮನೆ ಕೂತಿದ್ದರು. ಹೆಣೆಯಲು ಕೆಲಸವೇ ಇರಲಿಲ್ಲ. ನಮ್ಮಲ್ಲಿ ಆರು ಬೇಸಿನ್ ನಿಲ್ಲಿಸಲೇಬೇಕೆಂದು ಲೆಕ್ಕ ಹೇಳಿತು. ಸರದಿಯಲ್ಲಿ ಮತ್ತೆ ಆ ವಿಧವೆಯ ಹೆಸರೇ ಮೊದಲು.

ಮ್ಯಾನೇಜರು ನನ್ನ ಬೆನ್ನು ತಟ್ಟಿ, ಕೊನೆಯ ದಿನದವರೆಗೂ ಬಾಯಿ ಬಿಡಬೇಡ ಎಂದರು. ನಾನು ಅಂದೇ ಮಧ್ಯಾಹ್ನ ಊಟದ ಹೊತ್ತಿಗೆ ಆರೂ ಜನರನ್ನು ಹೊರಗೆ ಕರೆದು, ಮುಂದಿನ ತಿಂಗಳು ಕೆಲಸವಿಲ್ಲವೆಂದು ಹೇಳಿಬಿಟ್ಟೆ. ಈ ಲೆಕ್ಕವೂ ತಪ್ಪಾಗಲಿ ಎಂದು ಮನಸ್ಸು ಬೇಡುತ್ತಿತ್ತು, ಆದರೆ ಅದು ತಪ್ಪುವುದಿಲ್ಲವೆಂದು ನನಗೆ ಗೊತ್ತಿತ್ತು.

ಐದು ಜನ ತಲೆ ತಗ್ಗಿಸಿದರು. ಅವಳು ಮಾತ್ರ, ಈ ತಿಂಗಳಲ್ಲಿ ಬೇರೆ ಎಲ್ಲಾದರೂ ಕೂಲಿ ನೋಡಿಕೊಳ್ಳುತ್ತೇನೆ ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಓದ್ ಸಲ ಸನಿವಾರ ಸಂಜೆ ಏಳುದ್ರಿ. ಈ ಸಲ ತಿಂಗ್ಳು ಮುಂಚೆ ಏಳ್ತಾ ಇದೀರಿ. ಅಷ್ಟಾದ್ರೂ ಕಲ್ತ್ರಲ್ಲ ಬುಡಿ ಸ್ವಾಮಿ" ಎಂದು ಹೇಳಿ, ಬಿಸಿನೀರಿಗೆ ಕೈ ಹಾಕಲು ಒಳಗೆ ಹೋದಳು.