ಶೈಲಜಾ ಅವರು ಅಳುತ್ತಿರಲಿಲ್ಲ

ಕುಂಕುಮದ ಬಟ್ಟಲು ಮುಂದೆ ಹಿಡಿದಾಗ ಶೈಲಜಾ ಅವರ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ವರಮಹಾಲಕ್ಷ್ಮಿ ಹಬ್ಬದ ಸಂಜೆ. ಜೆ.ಪಿ. ನಗರದ ನಮ್ಮ ಫ್ಲ್ಯಾಟಿನ ಹಾಲ್ ತುಂಬ ಅರಿಶಿನ-ಕುಂಕುಮಕ್ಕೆ ಬಂದ ಹೆಂಗಸರು. ಬಟ್ಟಲು ಕೆಳಗಿಟ್ಟು ಅವರನ್ನು ತಬ್ಬಿಕೊಂಡೆ.

“ಅಳ್ಬೇಡಿ ಶೈಲಾ. ಕ್ಯಾನ್ಸರನ್ನೇ ಗೆದ್ದು ಬಂದಿದೀರ, ಈಗ್ಯಾಕೆ ಕಣ್ಣೀರು?”

ಹಾಲ್‌ನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಸ್ತನ ಕ್ಯಾನ್ಸರ್ ಆಗಿದ್ದ ವಿಷಯವನ್ನು ಇಡೀ ಅಪಾರ್ಟ್‌ಮೆಂಟಿನಲ್ಲಿ ಅವರು ನನಗೊಬ್ಬಳಿಗೇ ಹೇಳಿದ್ದರು. ಅದು ನೆನಪಾಗುವಷ್ಟರಲ್ಲಿ ನನ್ನ ಬಾಯಿ ತನ್ನ ಕೆಲಸ ಮುಗಿಸಿತ್ತು.

ಶೈಲಜಾ ನನ್ನ ಕೈ ಬಿಡಿಸಿಕೊಂಡು ಕರವಸ್ತ್ರದಿಂದ ಕಣ್ಣೊತ್ತಿಕೊಂಡರು. “ನಾನು ಅಳ್ತಿಲ್ಲ ರೀ. ಹಾರ್ಮೋನ್ ಮಾತ್ರೆ ತಗೊಳಕ್ಕೆ ಶುರು ಮಾಡಿದ್ಮೇಲೆ ಕಣ್ಣು ಒಣಗಿ ಉರಿಯತ್ತೆ, ಉರಿಗೆ ನೀರು ಸುರಿಯತ್ತೆ. ಡಾಕ್ಟ್ರು ಡ್ರಾಪ್ಸ್ ಕೊಟ್ಟಿದಾರೆ. ಸಾಂಬ್ರಾಣಿ ಹೊಗೆಗೆ ಇವತ್ತು ಸ್ವಲ್ಪ ಜಾಸ್ತಿ ಆಯ್ತು, ಅಷ್ಟೇ.”

ನನ್ನ ಸಮಾಧಾನ ಅವರಿಗೆ ಬೇಕೇ ಇರಲಿಲ್ಲ. ಸಾಂಬ್ರಾಣಿಯನ್ನು ಒಳಗಿಟ್ಟಿದ್ದರೆ ಸಾಕಾಗಿತ್ತು.

ಸೋಫಾದ ಕಡೆಯಿಂದ ಯಾರೋ “ಎಲ್ಲಿ ಆಗಿತ್ತಂತೆ?” ಎಂದು ನನ್ನನ್ನೇ ಕೇಳಿದರು, ಶೈಲಜಾ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ. ಶೈಲಜಾ ಸೆರಗನ್ನು ಭುಜದ ತುಂಬ ಎಳೆದು ಹೊದ್ದುಕೊಂಡರು. ಕುಂಕುಮ ಇಟ್ಟುಕೊಂಡು, ತಾಂಬೂಲ ತೆಗೆದುಕೊಂಡು, ಕೋಸಂಬರಿ ಮುಟ್ಟದೆ ಹೊರಟರು.

ಈಗ ಲಿಫ್ಟಿನಲ್ಲಿ ಸಿಕ್ಕಾಗ ಅವರು ಕಪ್ಪು ಕನ್ನಡಕ ಹಾಕಿರುತ್ತಾರೆ. ಅದು ಉರಿಯುವ ಕಣ್ಣಿಗೋ, ನನ್ನಂಥವರ ಮರುಕಕ್ಕೋ ಎಂದು ಕೇಳುವ ಮುಖ ನನಗಿಲ್ಲ.