ಕಂಪ್ಯೂಟರಿಗೆ ಮುಡಿಸಿದ ಪಿಂಗಾರ

ನಾನು ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಆದರೂ ವಿಜ್ಞಾನದ ಪರವಾಗಿ ನಾನು ಭಾಷಣ ಬಿಗಿಯದ ಸೆಲೂನು ನಮ್ಮ ಅಂಬಲಪಾಡಿಯಲ್ಲಿ ಇಲ್ಲ. ಕಾರಿಗೆ ನಿಂಬೆಹುಳಿ ಕಟ್ಟಿದವರನ್ನು ಕಂಡರೆ, "ಬ್ರೇಕು ಹಿಡಿಯುವುದು ಇದೇ ಅಲ್ವಾ?" ಎಂದು ಕೇಳಿ ನಾಲ್ಕು ಜನರನ್ನು ನಗಿಸಿದವನು ನಾನು. ಆದ್ದರಿಂದ ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ.

ನನ್ನ ಸೊಸೆ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುತ್ತಾಳೆ. ಕಾರ್ಕಳದ ಇಂಜಿನಿಯರೊಬ್ಬರು ಮೊದಲ ಬಾರಿಗೆ ದೊಡ್ಡದೊಂದು ಮನೆಯ ಕೆಲಸ ಕೊಟ್ಟಿದ್ದರು. ಶನಿವಾರದೊಳಗೆ ನಕ್ಷೆ ಬರಬೇಕು, ತಪ್ಪಿದರೆ ಮುಂದೆ ಕೆಲಸವಿಲ್ಲ ಎಂದಿದ್ದರು. ಆ ವಾರದ ಆರಂಭದಲ್ಲಿ ಕರೆಂಟು ಹೋಗಿ ಕಂಪ್ಯೂಟರು ಒಮ್ಮೆ ಆರಿತು. ಅಷ್ಟೇ. ಕರೆಂಟು ಬಂದ ಮೇಲೆ ಸರಿಯಾಗಿಯೇ ಇತ್ತು. ಆದರೆ ಹಿಂದಿನ ದಿನ ನೆಂಟರೊಬ್ಬರು ಪರದೆ ನೋಡಿ, "ಅರಮನೆಯ ಹಾಗೆ ಉಂಟು" ಎಂದಿದ್ದರು. ಇದು ದೃಷ್ಟಿಯೇ ಎಂದು ನನ್ನೊಳಗಿನ ವಿಜ್ಞಾನಿ ತೀರ್ಮಾನಿಸಿದ.

ಮರುದಿನ ಕಡಿಯಾಳಿಯ ದೇವಸ್ಥಾನಕ್ಕೆ ಹೋಗಿ ಪ್ರಸಾದ ತಂದೆ. ಬಾಳೆಲೆಯ ಚೂರಿನಲ್ಲಿ ಗಂಧ, ಒಂದು ಎಳೆ ಪಿಂಗಾರ. ಪಿಂಗಾರವೆಂದರೆ ಅಡಿಕೆಯ ಹೂವು. ಅದರ ಮೊಗ್ಗುಗಳು ಭತ್ತದ ಕಾಳಿನಷ್ಟೇ ಗಟ್ಟಿ. ಸೊಸೆ ಅಡುಗೆಮನೆಯಲ್ಲಿದ್ದಾಗ ಕಂಪ್ಯೂಟರ್ ಪೆಟ್ಟಿಗೆಯ ಮೇಲಿನ ಜಾಲರಿಗೆ ಗಂಧ ಹಚ್ಚಿ ಪಿಂಗಾರ ಮುಡಿಸಿದೆ. ಮೊಗ್ಗುಗಳು ಒಳಗೆ ಉದುರಿದವು. ಯಾರಿಗೂ ಕಾಣದಂತಾಯಿತು, ಒಳ್ಳೆಯದೇ ಎಂದುಕೊಂಡು ಗಂಧವನ್ನೂ ಒರೆಸಿದೆ.

ಅಂದಿನಿಂದ ನಿಜವಾದ ರೋಗ ಶುರುವಾಯಿತು. ಆನ್ ಮಾಡಿದರೆ ಒಳಗೆ ಕಟಕಟ ಶಬ್ದ, ಪರದೆಯಲ್ಲಿ ಕಂಪನಿಯ ಗುರುತು, ಕೂಡಲೇ ಕತ್ತಲೆ. ಮತ್ತೆ ಆನ್ ಮಾಡಿದರೆ ಮತ್ತೆ ಅದೇ. ಪ್ರಸಾದ ಸಾಲಲಿಲ್ಲವೆಂದು ನಾನು ಇನ್ನಷ್ಟು ತಂದು ಹಾಕಿದೆ. ಕಟಕಟವೂ ನಿಂತಿತು. ಗುಣ ಕಾಣುತ್ತಿದೆ ಎಂದು ಸಂತೋಷಪಟ್ಟೆ.

ಬೇಲಿಯಾಚೆಯ ಪೊರ್ಬುಗಳು ಸಂಜೆಯ ಚಹಾಕ್ಕೆ ನಮ್ಮಲ್ಲಿಗೇ ಬರುವವರು. ಕೊಂಕಣಿ ಮಾತಾಡುವ ಕ್ರೈಸ್ತರನ್ನು ನಮ್ಮೂರಲ್ಲಿ ಹಾಗೆ ಮರ್ಯಾದೆಯಿಂದ ಕರೆಯುವುದು; ಇವರೊಬ್ಬರು ಕುವೈತಿನಲ್ಲಿ ದುಡಿದು ಬಂದವರು. "ಅಲ್ಲಿ ಎಂಥೆಂಥ ಮೆಷಿನು ನೋಡಿದ್ದೇನೆ ಮಾರಾಯ್ರೆ" ಎನ್ನುತ್ತಾ ಪೆಟ್ಟಿಗೆಯ ಹಿಂದಿನ ವಯರುಗಳನ್ನು ಎಳೆದು ಚುಚ್ಚಿದರು. ಅಲ್ಲಿ ಅವರು ನೋಡಿದ ಮೆಷಿನು ಹಿಟ್ಟು ರುಬ್ಬುವಂಥದ್ದು.

ಅವರು ಹೋದ ಮೇಲೆ ಸೊಸೆ ತಲೆಯ ಮೇಲೆ ಕೈ ಹೊತ್ತು ಕುಳಿತಳು. "ನಕ್ಷೆಯೆಲ್ಲ ಇದರೊಳಗೇ ಉಂಟು ಮಾವ. ಮಣಿಪಾಲದ ರಿಪೇರಿ ಅಂಗಡಿಯವರು ಸೋಮವಾರ ತನ್ನಿ ಎನ್ನುತ್ತಾರೆ. ಇದಕ್ಕೆ ಎಂತ ಆಯಿತು?"

"ಪೊರ್ಬುಗಳು ಮುಟ್ಟಿದ ಮೇಲೆ ಹೆಚ್ಚಾದ ಹಾಗೆ ಕಾಣುತ್ತದೆ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಮರುದಿನ ಅವರು ಬಂದಾಗ ಸೊಸೆ, "ಇನ್ನು ದಯವಿಟ್ಟು ಅದನ್ನು ಮುಟ್ಟಬೇಡಿ" ಎಂದಳು. ಅವರು ಅರ್ಧ ಚಹಾ ಬಿಟ್ಟು ಎದ್ದುಹೋದರು. ನಾನು ಬಿಸ್ಕತ್ತನ್ನು ಚಹಾದಲ್ಲಿ ನೆನೆಸಿ ತಿಂದೆ.

ಶುಕ್ರವಾರ ಬೆಳಿಗ್ಗೆ ಅವಳು ಸ್ಕ್ರೂ ಡ್ರೈವರ್ ಹಿಡಿದು ತಾನೇ ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿದಳು. ಒಳಗೆ ಬಿಸಿ ಆರಿಸುವ ಪುಟ್ಟ ಫ್ಯಾನಿನ ರೆಕ್ಕೆಗಳ ನಡುವೆ ಒಣಗಿದ ಮೊಗ್ಗುಗಳು ಸಿಕ್ಕಿಕೊಂಡಿದ್ದವು. ಫ್ಯಾನು ತಿರುಗುವ ಹಾಗಿರಲಿಲ್ಲ. ಬಿಸಿಯೇರಿ ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಅವಳು ಒಂದು ಮೊಗ್ಗನ್ನು ಅಂಗೈಯಲ್ಲಿಟ್ಟು ನೋಡಿ, ಆಮೇಲೆ ನನ್ನನ್ನು ನೋಡಿದಳು.

"ಮಾವ, ಪೊರ್ಬುಗಳು ಯಾವ ದೇವಸ್ಥಾನಕ್ಕೆ ಹೋಗುತ್ತಾರೆ?"

ನನ್ನೊಳಗಿನ ವಿಜ್ಞಾನಿ ಶರಣಾದ. "ನಾನೇ ಹಾಕಿದ್ದು" ಎಂದೆ. ಅವಳು ಬೈಯಲಿಲ್ಲ. ಚಿಮಟ ಕೈಗೆ ಕೊಟ್ಟು, "ಹಾಕಿದವರೇ ತೆಗೆಯಿರಿ" ಎಂದಳು. ನೆಲದ ಮೇಲೆ ಕುಳಿತು, ಕನ್ನಡಕ ಸರಿಪಡಿಸಿಕೊಳ್ಳುತ್ತಾ ಒಂದೊಂದಾಗಿ ಹೆಕ್ಕಿದೆ. ಆನ್ ಮಾಡಿದಾಗ ಫ್ಯಾನು ಗಾಳಿ ಬೀಸಿತು, ಕಾರ್ಕಳದ ಅರಮನೆ ಪರದೆಯ ಮೇಲೆ ಬಂತು. ಸಂಜೆಯೊಳಗೆ ನಕ್ಷೆ ಹೋಯಿತು.

ಅದಾದ ಮೇಲೆ ಬೇಲಿ ದಾಟಿ ಪೊರ್ಬುಗಳ ಅಂಗಳಕ್ಕೆ ಹೋದೆ. ಎಲ್ಲವನ್ನೂ ಹೇಳಿ, ತಪ್ಪು ಹೊರಿಸಿದ್ದನ್ನೂ ಹೇಳಿದೆ. ಅವರು ನೀರಿನ ಪೈಪನ್ನು ಇನ್ನೊಂದು ತೆಂಗಿನ ಬುಡಕ್ಕೆ ಎಳೆದರು.

"ನಾನು ಅದಕ್ಕೆ ಇಗರ್ಜಿಯಲ್ಲಿ ಪಾದ್ರಿಗಳು ಕೊಟ್ಟ ತೀರ್ಥ ಚಿಮುಕಿಸುವ ಅಂತಿದ್ದೆ" ಎಂದರು. "ಬಾಟಲಿ ಕಿಸೆಯಲ್ಲೇ ಇತ್ತು. ನಿಮ್ಮ ಸೊಸೆಗೆ ಹೆದರಿ ತೆಗೆಯಲಿಲ್ಲ."

"ಚಹಾಕ್ಕೆ ಬನ್ನಿ" ಎಂದೆ.

"ನಾಳೆ ಬರುತ್ತೇನೆ" ಎಂದರು. "ಇವತ್ತು ಸ್ವಲ್ಪ ಸಿಟ್ಟು ಉಂಟು."